ಮ್ಯಾಟರ್‌ಹಾರ್ನಿನ ಪ್ರಥಮಾರೋಹಣ

ಸ್ವಿಟ್ಜರ್ಲೆಂಡು ಮತ್ತು ಇಟಲಿ ದೇಶಗಳ ಎಲ್ಲೆಯಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯ ನಡುವೆ, ಮ್ಯಾಟರ್‌ಹಾರ್ನ್ ಎಂಬ ಶಿಖರವು ಒಂಟಿಯಾಗಿ ನಿಂತಿದೆ. ‘ಹಾರ್ನ್’ ಎಂದರೆ ಕೋಡು. ಕನ್ನಡದಲ್ಲಿಯೂ ಕೋಡೆಂಬುದು ಕೊಂಬಿಗೂ ಶಿಖರಕ್ಕೂ ಸಲ್ಲುವ ಮಾತಾದುದರಿಂದ, ಈ ಹೆಸರಿನ ಔಚಿತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ. ಇದರ ಎತ್ತರ 4,478 ಮೀಟರು. ಇದಕ್ಕಿಂತ ಉನ್ನತವಾದ ಮಾಂಟ್ ಬ್ಲಾಂಕನ್ನು ಮನುಷ್ಯರು 1786ರಲ್ಲಿಯೇ ಏರಿದ್ದರು. ಆದರೆ ಕಡಿದು ನಿಲ್ಲಿಸಿದಂತಿರುವ ಈ ಕಲ್ಲುಕೋಡು ಆಮೇಲೆಯೂ ಎಪ್ಪತ್ತೊಂಬತ್ತು ವರ್ಷಗಳವರೆಗೆ ಯಾರಿಗೂ ವಶವಾಗಲಿಲ್ಲ. ಅದರ ನೆತ್ತಿಯ ಮೇಲೆ ಭೂತಗಳ ವಾಸವುಂಟೆಂದು ಕಣಿವೆಯ ಜನರು ನಂಬಿದ್ದರು.

ಆ ಅಂಜಿಕೆಯನ್ನು ಲೆಕ್ಕಿಸದವರಲ್ಲಿ ಇಬ್ಬರು ಮುಖ್ಯರು. ಇಟಲಿಯ ಕಡೆಯ ವಾಲ್ಟೂರ್ನಾಂಶ್ ಕಣಿವೆಯ ಜಾನ್ ಆಂಟ್ವಾನ್ ಕಾರೆಲನು 1857ರಲ್ಲಿಯೇ ಪ್ರಯತ್ನವನ್ನಾರಂಭಿಸಿದನು. ತನ್ನೂರಿನ ಬೆಟ್ಟವನ್ನು ತನ್ನೂರಿನ ಕಡೆಯಿಂದಲೇ ಗೆಲ್ಲಬೇಕೆಂಬುದು ಅವನ ಛಲ. ಲಂಡನ್ನಿನ ಎಡ್ವರ್ಡ್ ವಿಂಪರನು ಮರದಲ್ಲಿ ಚಿತ್ರ ಕೆತ್ತುವ ಕಸುಬಿನವನು. ಆಲ್ಪ್ಸಿನ ಚಿತ್ರಗಳನ್ನು ಬರೆಯಲೆಂದು 1860ರಲ್ಲಿ ಬಂದು, ಬೆಟ್ಟದ ಮೋಹಕ್ಕೊಳಗಾದನು. 1861ರಿಂದ ಅವನು ಇಟಲಿಯ ಕಡೆಯಿಂದ ಹಲವು ಸಲ ಹತ್ತಲೆಳಸಿ ವಿಫಲನಾದನು. ಕೆಲವು ಸಲ ಕಾರೆಲನೇ ಅವನಿಗೆ ಮಾರ್ಗದರ್ಶಿ.

ಕಡೆಗೆ ವಿಂಪರನ ಕಣ್ಣಿಗೆ ಒಂದು ಸಂಗತಿ ಬಿದ್ದಿತು. ಜೆರ್ಮಾಟ್ ಗ್ರಾಮದಿಂದ ಗೋಡೆಯಂತೆ ತೋರುವ ಪೂರ್ವಮುಖವು, ಪಕ್ಕದಿಂದ ನೋಡಿದರೆ ಅಷ್ಟು ಕಡಿದಾಗಿಲ್ಲ. ಇಟಲಿಯ ಕಡೆ ಬಂಡೆಯ ಪದರಗಳು ಸೂರಿನ ಹೆಂಚುಗಳಂತೆ ಹೊರಕ್ಕೆ ಇಳಿಬಿದ್ದಿವೆ. ಪೂರ್ವದಲ್ಲಿ ಅವೇ ಪದರಗಳು ಒಳಕ್ಕೆ ವಾಲಿ ಮೆಟ್ಟಿಲುಗಳಾಗಿವೆ.

1865ನೆಯ ಜುಲೈ 11ರಂದು, ಕಾರೆಲನು ಇಟಲಿಯವರ ಪರವಾಗಿ ಹೊರಟುಬಿಟ್ಟನೆಂಬ ಸುದ್ದಿ ತಿಳಿದು, ವಿಂಪರನು ಕಣಿವೆ ದಾಟಿ ಜೆರ್ಮಾಟಿಗೆ ಧಾವಿಸಿದನು. ಅಲ್ಲಿ ಆತುರದಲ್ಲಿ ಕೂಡಿದವರು ಏಳು ಮಂದಿ: ವಿಂಪರ್, ಪಾದ್ರಿ ಹಡ್ಸನ್, ಹದಿನೆಂಟರ ಫ್ರಾನ್ಸಿಸ್ ಡಗ್ಲಸ್, ಅನುಭವವಿಲ್ಲದ ಯುವಕ ಹ್ಯಾಡೋ, ಮಾರ್ಗದರ್ಶಿಗಳಾದ ಮಿಶೆಲ್ ಕ್ರೋ ಮತ್ತು ತೌಗ್ವಾಲ್ಡರ್ ತಂದೆಮಕ್ಕಳು. ಜುಲೈ 14ರ ಮಧ್ಯಾಹ್ನ 1-40ಕ್ಕೆ ಅವರು ಶಿಖರವನ್ನು ಮುಟ್ಟಿದರು. ಬಹು ಕೆಳಗೆ ಕಾರೆಲನ ತಂಡ ಕಾಣಿಸಿತು. ಅವರ ಗಮನ ಸೆಳೆಯಲು ಇವರು ಕಲ್ಲುಗಳನ್ನು ಉರುಳಿಸಿದರು, ಕಾರೆಲನು ಹಿಂದಿರುಗಿದನು.

ಆ ಸಂಭ್ರಮವು ಒಂದು ಗಂಟೆಯದು. ಇಳಿಯುವಾಗ ಹ್ಯಾಡೋವಿನ ಕಾಲು ಜಾರಿತು. ಅವನ ಭಾರಕ್ಕೆ ಕ್ರೋ, ಹಿಂದೆಯೇ ಹಡ್ಸನ್ ಮತ್ತು ಡಗ್ಲಸ್ ಸೆಳೆಯಲ್ಪಟ್ಟರು. ಡಗ್ಲಸನಿಗೂ ಹಿರಿಯ ತೌಗ್ವಾಲ್ಡರನಿಗೂ ನಡುವೆ ಹಗ್ಗವು ಹರಿಯಿತು. ನಾಲ್ವರೂ ಕೆಳಗಿನ ಹಿಮನದಿಗೆ ಬಿದ್ದು ಸತ್ತರು. ಡಗ್ಲಸನ ದೇಹವು ಸಿಕ್ಕಲೇ ಇಲ್ಲ. ಮುದುಕನು ತನ್ನ ಪ್ರಾಣಕ್ಕಾಗಿ ಹಗ್ಗವನ್ನು ಕೊಯ್ದನೆಂಬ ಅಪವಾದ ಹುಟ್ಟಿತು. ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾದರೂ ಅಪವಾದ ಅಳಿಯಲಿಲ್ಲ. ಆ ಹಗ್ಗದ ತುಂಡು ಜೆರ್ಮಾಟಿನ ವಸ್ತುಸಂಗ್ರಹಾಲಯದಲ್ಲಿದೆ.

ಮೂರು ದಿನಗಳ ತರುವಾಯ, ಜುಲೈ 17ರಂದು, ಕಾರೆಲನು ಬಿಕ್ ಎಂಬವನೊಡನೆ ಇಟಲಿಯ ಕಡೆಯಿಂದ ಶಿಖರವನ್ನೇರಿದನು. 1857ರಿಂದ ಅವನ ಜತೆಗಾರನಾಗಿದ್ದ ಗೊರೆ ಎಂಬ ಪಾದ್ರಿಯು, ಇಬ್ಬರ ಹಿಂದಿರುಗುವ ದಾರಿಯನ್ನು ಕಾಯುವುದಕ್ಕಾಗಿ, ಶಿಖರಕ್ಕೆ ಸ್ವಲ್ಪ ಕೆಳಗೇ ನಿಂತುಬಿಟ್ಟನು. ಚರಿತ್ರೆಯು ಏರಿದವರ ಹೆಸರನ್ನು ಬರೆದಿಡುತ್ತದೆ. ಏರಿದವರು ಕ್ಷೇಮವಾಗಿ ಇಳಿದುದು ನಿಂತವನಿಂದ.

ಆ ಮೇಲೆ ‘ಮೊದಲಿಗ’ರ ಪಟ್ಟಿ ಬೆಳೆಯಿತು. 1871ರಲ್ಲಿ ಲೂಸಿ ವಾಕರ್ ಏರಿದ ಪ್ರಥಮ ಮಹಿಳೆಯಾದಳು. 1879ರಲ್ಲಿ ಮಮ್ಮರಿಯು ತ್ಸ್‌ಮುಟ್ ಏಣನ್ನು ಗೆದ್ದನು. 1931ರಲ್ಲಿ ಮ್ಯೂನಿಕ್ಕಿನಿಂದ ಬೈಸಿಕಲ್ಲಿನಲ್ಲಿ ಬಂದ ಶ್ಮಿಟ್ ಸಹೋದರರು ಉತ್ತರಮುಖವನ್ನು ಹತ್ತಿದರು.

ಪ್ರತಿಸ್ಪರ್ಧಿಗಳ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 1880ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಶಿಖರದ ಪ್ರಥಮಾರೋಹಣವನ್ನು ವಿಂಪರ್ ಮತ್ತು ಕಾರೆಲ್ ಕೂಡಿಯೇ ಸಾಧಿಸಿದರು. 1890ರಲ್ಲಿ, ಅರವತ್ತು ದಾಟಿದ್ದ ಕಾರೆಲನು, ಬಿರುಗಾಳಿಗೆ ಸಿಕ್ಕಿದ ತನ್ನ ತಂಡವನ್ನು ಮ್ಯಾಟರ್‌ಹಾರ್ನಿನಿಂದ ಸುರಕ್ಷಿತವಾಗಿ ಇಳಿಸಿ, ಅಪಾಯವೆಲ್ಲ ಕಳೆದ ಮೇಲೆ, ಬೆಟ್ಟದ ಬುಡದಲ್ಲಿ ಕುಸಿದು ಪ್ರಾಣ ಬಿಟ್ಟನು. ಮೊದಲು ಏರಿದ ಕೀರ್ತಿ ಅವನದಾಗಲಿಲ್ಲ. ಆದರೆ ನಂಬಿ ಬಂದವರನ್ನು ಮನೆಗೆ ಮುಟ್ಟಿಸಿದ ಕೀರ್ತಿಯು ಅದಕ್ಕಿಂತ ಕಡಮೆಯದೆಂದು ಯಾರು ಹೇಳಿಯಾರು?