ಅನುಮಸ್ತಿಷ್ಕದ ಹಾನಿಯಿಂದ ಉಂಟಾಗುವ ಭಂಗಿಸಂಬಂಧಿ ತಲೆಸುತ್ತು: ಅರ್ಜಿದಾರರ ಮಾಹಿತಿಗಾಗಿ

ಮಲಗುವಾಗ, ಮಗ್ಗುಲು ಬದಲಿಸುವಾಗ ಅಥವಾ ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಸುತ್ತಲಿನ ವಸ್ತುಗಳು ತಿರುಗಿದಂತೆ ಭಾಸವಾಗುವುದನ್ನು ಭಂಗಿಸಂಬಂಧಿ ತಲೆಸುತ್ತು ಎನ್ನಲಾಗುತ್ತದೆ. ಬಹುತೇಕ ಪ್ರಕರಣಗಳಲ್ಲಿ ಒಳಕಿವಿಯ ಸೂಕ್ಷ್ಮ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತಾಕಾರದ ನಾಳಗಳನ್ನು ಸೇರುವುದೇ ಇದಕ್ಕೆ ಕಾರಣ. ವೈದ್ಯರು ಎಪ್ಲೆ ಕ್ರಮದಂತೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಇದನ್ನು ಸರಿಪಡಿಸುವರು.

ಆದರೆ ಕೆಲವರಲ್ಲಿ ದೋಷವಿರುವುದು ಕಿವಿಯಲ್ಲಲ್ಲ, ತಲೆಯ ಹಿಂಭಾಗದಲ್ಲಿರುವ ಅನುಮಸ್ತಿಷ್ಕದಲ್ಲಿ. ಅದರ ನಾಡ್ಯುಲಸ್ ಮತ್ತು ಯುವ್ಯುಲಾ ಎಂಬ ಭಾಗಗಳು ಒಳಕಿವಿಯಿಂದ ಬರುವ ಸಂದೇಶಗಳನ್ನು ನಿಯಂತ್ರಿಸುತ್ತವೆ. ಅವುಗಳಿಗೆ ಹಾನಿಯಾದಲ್ಲಿ ತಲೆಯ ಭಂಗಿ ಬದಲಾದೊಡನೆ ಕಣ್ಣುಗುಡ್ಡೆಗಳು ತಾವಾಗಿಯೇ ಮಿಡಿಯತೊಡಗುತ್ತವೆ. ಇದಕ್ಕೆ ನಿಸ್ಟ್ಯಾಗ್ಮಸ್ ಎಂದು ಹೆಸರು. ಮೆದುಳಿನ ರಕ್ತಸಂಚಾರದ ಅಡಚಣೆ, ರಕ್ತಸ್ರಾವ, ಗೆಡ್ಡೆ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇದರ ಕಾರಣಗಳಲ್ಲಿ ಸೇರಿವೆ. ಮೂರ್ಛೆರೋಗಕ್ಕೆ ನೀಡುವ ಫೆನಿಟಾಯಿನ್ ಔಷಧವು ರಕ್ತದಲ್ಲಿ ಮಿತಿಮೀರಿದಾಗಲೂ ನಿಸ್ಟ್ಯಾಗ್ಮಸ್ ಕಾಣಿಸಿಕೊಳ್ಳುತ್ತದೆ.

ಇವೆರಡನ್ನೂ ಬೇರ್ಪಡಿಸಲು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ರೋಗಿಯನ್ನು ತಲೆ ತಿರುಗಿಸಿ ಥಟ್ಟನೆ ಮಲಗಿಸಿ ಕಣ್ಣುಗಳನ್ನು ಗಮನಿಸಲಾಗುತ್ತದೆ. ಕಿವಿಯ ಹರಳುಗಳು ಕಾರಣವಾಗಿದ್ದಲ್ಲಿ ಮಿಡಿತವು ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ನಂತರ ಆರಂಭವಾಗಿ ಒಂದು ನಿಮಿಷದೊಳಗೆ ಶಮನಗೊಳ್ಳುವುದು. ಅನುಮಸ್ತಿಷ್ಕದ ದೋಷದಲ್ಲಿ ಅದು ಅನೇಕವೇಳೆ ತಕ್ಷಣವೇ ಆರಂಭವಾಗಿ, ಕೆಳಮುಖವಾಗಿದ್ದು, ಅದೇ ಭಂಗಿಯಲ್ಲಿರುವವರೆಗೂ ಮುಂದುವರಿಯುವುದು. ಕೆಲವರಿಗೆ ಕಣ್ಣು ಮಿಡಿದರೂ ತಲೆ ಸುತ್ತುವುದೇ ಇಲ್ಲ. ಇಂತಹ ಲಕ್ಷಣಗಳಿದ್ದಲ್ಲಿ ಎಂ.ಆರ್.ಐ. ಪರೀಕ್ಷೆ ಅಗತ್ಯ. ಈ ಭಾಗದ ರಕ್ತಸಂಚಾರದ ಅಡಚಣೆಯು ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದಾದ್ದರಿಂದ ಅದರ ವರದಿ ಸರಿಯಿದೆಯೆಂದು ಸುಮ್ಮನಿರತಕ್ಕದ್ದಲ್ಲ.

ತಲೆಸುತ್ತಿನೊಂದಿಗೆ ಹಠಾತ್ತನೆ ಮಾತು ತೊದಲುವುದು, ವಸ್ತುಗಳು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು ಅಥವಾ ನಿಲ್ಲಲಾಗದಿರುವುದು ಕಂಡುಬಂದಲ್ಲಿ ಕೂಡಲೇ 108 ಆಂಬ್ಯುಲೆನ್ಸ್ ಕರೆಯಿಸಿ ಆಸ್ಪತ್ರೆಗೆ ಸೇರಿಸತಕ್ಕದ್ದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಿರುವ 21 ವಿಧದ ವಿಕಲತೆಗಳಲ್ಲಿ ತಲೆಸುತ್ತು ಪ್ರತ್ಯೇಕವಾಗಿ ಸೇರಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಮುಂತಾದ ದೀರ್ಘಕಾಲದ ನರಸಂಬಂಧಿ ಸ್ಥಿತಿಗಳು ಸೇರಿವೆ. ಆದುದರಿಂದ "ತಲೆಸುತ್ತು" ಎಂದಷ್ಟೇ ಬರೆದ ಚೀಟಿಯು ಯು.ಡಿ.ಐ.ಡಿ. ಕಾರ್ಡಿನ ಅರ್ಜಿದಾರರಿಗೆ ಹೆಚ್ಚು ಪ್ರಯೋಜನಕಾರಿಯಲ್ಲ. ಮೂಲ ಕಾಯಿಲೆಯ ಹೆಸರು, ಎಂ.ಆರ್.ಐ. ವರದಿ, ಕಣ್ಣಿನ ಚಲನೆಯ ಪರೀಕ್ಷಾ ವಿವರ, ನಡಿಗೆಯಲ್ಲಿರುವ ತೊಂದರೆ ಹಾಗೂ ಈವರೆಗೆ ಪಡೆದ ಚಿಕಿತ್ಸೆಯನ್ನು ನರರೋಗ ತಜ್ಞರಿಂದ ಬರೆಯಿಸಿಕೊಂಡು ಮೌಲ್ಯಮಾಪನಕ್ಕೆ ಹಾಜರಾಗುವುದು ಸೂಕ್ತ. ಸ್ಥಿತಿ ಬದಲಾಗುವ ಸಂಭವವಿದ್ದಲ್ಲಿ ನಿಗದಿತ ಅವಧಿಗೆ ತಾತ್ಕಾಲಿಕ ಪ್ರಮಾಣಪತ್ರ ನೀಡಲು ಅವಕಾಶವಿದ್ದು, ಅವಧಿ ಮುಗಿದ ನಂತರ ಮರುಮೌಲ್ಯಮಾಪನ ಮಾಡಿಸಿಕೊಳ್ಳತಕ್ಕದ್ದು.