ದಂಡನೆಯೋ ಪ್ರೀತಿಯೋ: ಬೆಳಗಾವಿಯ ಕ್ರೈಸ್ತ ಪರಂಪರೆಯ ಹಿನ್ನೆಲೆಯಲ್ಲಿ ದೇವರ ಸ್ವರೂಪ

ಬೆಳಗಾವಿಯಲ್ಲಿ ಪ್ರೊಟೆಸ್ಟೆಂಟ್ ಮಿಷನ್ ಕಾರ್ಯಕ್ಕೆ ಬುನಾದಿ ಬಿದ್ದದ್ದು 1820ರಲ್ಲಿ, ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಅವರಿಂದ. 1904ರಲ್ಲಿ ಆ ಸಂಸ್ಥೆ ಇಲ್ಲಿಯ ಕೆಲಸವನ್ನು ಮೆಥೊಡಿಸ್ಟರಿಗೆ ಒಪ್ಪಿಸಿತು. ಕಾಗದಪತ್ರಗಳ ಮಟ್ಟಿಗೆ ಇದು ಬರಿಯ ಹಸ್ತಾಂತರ. ದೇವರ ಸ್ವರೂಪದ ವಿಚಾರಕ್ಕೆ ಬಂದರೆ ಮಾತ್ರ ಎರಡೂ ಕಡೆಯವರ ಹಿನ್ನೆಲೆ ಬೇರೆ. ಲಂಡನ್ ಮಿಷನ್ ಯಾವೊಂದು ಪಂಥಕ್ಕೂ ಕಟ್ಟುಬಿದ್ದಿರಲಿಲ್ಲ, ನಿಜ. ಆದರೂ ಅದರ ಬೆನ್ನಿಗಿದ್ದ ಸಭೆಗಳು ಬಹುಮಟ್ಟಿಗೆ ಕ್ಯಾಲ್ವಿನ್ ಪರಂಪರೆಯವು. ಯಾರು ಉದ್ಧಾರವಾಗಬೇಕೆಂದು ದೇವರು ಮೊದಲೇ ಗೊತ್ತುಮಾಡಿದ್ದಾನೆ ಎಂಬುದು ಆ ಪರಂಪರೆಯ ನಿಲುವು. ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1739ರ ಪ್ರವಚನವೊಂದರಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಹುಟ್ಟುವ ಮೊದಲೇ ಕೆಲವರನ್ನು ನಾಶಕ್ಕೆ ಗುರಿಮಾಡಿದ ದೇವರು ಸೈತಾನನಿಗಿಂತ ಕಡೆಯಾಗುತ್ತಾನೆ ಎಂಬುದು ಅವರ ವಾದದ ಮೊನೆ. ಇದು ವೆಸ್ಲಿಯವರ ಸ್ವಂತ ಔದಾರ್ಯವೋ, ಬೈಬಲಿನಲ್ಲಿಯೇ ಇದಕ್ಕೆ ಆಧಾರವಿದೆಯೋ? ಇದೆ ಎಂಬುದು ಈ ಲೇಖನದ ವಾದ.

ಆ ಆಧಾರ ಹುಡುಕುವಾಗ ಒಂದು ಸುಲಭದ ಹಂಚಿಕೆಯ ಬಗ್ಗೆ ಎಚ್ಚರ ಬೇಕು. ಬೆಳಗಾವಿಯ ಹಿಂದವಾಡಿಯ ತೌಲನಿಕ ತತ್ತ್ವಜ್ಞಾನ ಮತ್ತು ಧರ್ಮ ಅಕಾಡೆಮಿಯ ಸ್ಥಾಪಕರಾದ ಗುರುದೇವ ರಾನಡೆಯವರು ಎಲ್ಲ ಧರ್ಮಗಳ ಅನುಭಾವಿಗಳ ಅನುಭವ ಮೂಲದಲ್ಲಿ ಒಂದೇ ಎಂದು ನಂಬಿದವರು. ಆ ಜಾಡಿನಲ್ಲಿ ಅವಸರದಿಂದ ಹೊರಟವರಿಗೆ ಪ್ರೀತಿಸುವ ದೇವರನ್ನು ಅನುಭಾವಿಗಳಿಗೂ ದಂಡಿಸುವ ದೇವರನ್ನು ಶಾಸ್ತ್ರಕ್ಕೂ ಹಂಚಿಬಿಡುವ ಆಸೆ ಹುಟ್ಟಬಹುದು (ರಾನಡೆಯವರ ಮೇಲೆ ಈ ಹೊಣೆ ಹೊರಿಸುವುದು ಸಲ್ಲ). ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಇಂಥದೇ ಹಂಚಿಕೆ ಮಾಡಿದ್ದ: ಯೆಹೂದ್ಯರ ಗ್ರಂಥದ ದೇವರು ಬೇರೆ, ಯೇಸುವಿನ ತಂದೆ ಬೇರೆ ಎಂದು. ಸಭೆ ಅದನ್ನು ತಳ್ಳಿಹಾಕಿತು. ತಳ್ಳಿಹಾಕಿದ್ದು ಸರಿಯೇ, ಏಕೆಂದರೆ ಹಳೆಯ ಒಡಂಬಡಿಕೆಯ ಯೋನನ ಗ್ರಂಥದಲ್ಲಿ ನಿನೆವೆ ನಾಶವಾಗಲಿಲ್ಲವಲ್ಲ ಎಂದು ಸಿಟ್ಟಾಗುವವನು ಪ್ರವಾದಿ, ಆ ಊರಿನ ಜನರಿಗಷ್ಟೇ ಅಲ್ಲ, ದನಕರುಗಳಿಗೂ ಮರುಗುವವನು ದೇವರು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಹೆಣಿಗೆ ಇನ್ನೂ ಸೂಕ್ಷ್ಮ. ಆಸ್ತಿ ಹಾಳುಮಾಡಿ ಹಸಿದ ಕಿರಿಯ ಮಗ ತಂದೆಯೆದುರು ಆಡಬೇಕಾದ ಮಾತನ್ನು ಮೊದಲೇ ಹೊಂದಿಸಿಕೊಳ್ಳುತ್ತಾನೆ. ಅದರ ಕೊನೆಯ ಭಾಗ, ತನ್ನನ್ನು ಕೂಲಿಯಾಳಾಗಿ ಇಟ್ಟುಕೋ ಎಂಬ ಬೇಡಿಕೆ. ಮನೆಗೆ ಬಂದಾಗ ತಪ್ಪೊಪ್ಪಿಗೆಯೇನೋ ಬಾಯಿಂದ ಬರುತ್ತದೆ, ಆ ಬೇಡಿಕೆ ಬರುವುದಿಲ್ಲ. ಅಷ್ಟರಲ್ಲೇ ತಂದೆ ಆಳುಗಳಿಗೆ ನಿಲುವಂಗಿ, ಉಂಗುರ, ಕೆರ ತರಲು ಹೇಳಿಯಾಗಿದೆ. ಓಡಿ ಹೋಗಿ ಅಪ್ಪಿಕೊಂಡದ್ದಂತೂ ಮಗ ಬಾಯಿ ತೆರೆಯುವುದಕ್ಕೂ ಮೊದಲು. ಇಲ್ಲಿ ಪಶ್ಚಾತ್ತಾಪ ಕ್ಷಮೆಗೆ ತೆತ್ತ ಬೆಲೆಯಲ್ಲ.

ಹಾಗಾದರೆ ಮತ್ತಾಯನ 25ನೆಯ ಅಧ್ಯಾಯದ ನಿತ್ಯದಂಡನೆಗೆ ಏನು ಹೇಳೋಣ? ಅದನ್ನು ಅಲಂಕಾರದ ಮಾತೆಂದು ತೇಲಿಸಿಬಿಡುವುದು ಅಪ್ರಾಮಾಣಿಕ. ಆದರೆ ಅಲ್ಲಿ ಆರೋಪ ಯಾವುದೆಂದು ನೋಡಬೇಕು: ಹಸಿದವರಿಗೆ ಅನ್ನ ಕೊಡಲಿಲ್ಲ, ರೋಗಿಗಳನ್ನೂ ಸೆರೆಯಲ್ಲಿದ್ದವರನ್ನೂ ವಿಚಾರಿಸಲಿಲ್ಲ. ಆ ತೀರ್ಪು ಹೊರಡುವುದು ಯಾರೂ ವಿಚಾರಿಸದೆ ಉಳಿದವರ ಪರವಾಗಿ. ಅನ್ಯಾಯ ಮಾಡಿದವನನ್ನು ಕೇಳುವವರೇ ಇಲ್ಲವೆಂದಾದರೆ ಅನ್ಯಾಯಕ್ಕೆ ಒಳಗಾದವನ ಪಾಲಿಗೆ ದೇವರ ಪ್ರೀತಿ ಪೊಳ್ಳು ಮಾತಾಗುತ್ತದೆ. ವೆಸ್ಲಿಯೂ ನರಕದ ನಂಬಿಕೆಯನ್ನು ಕೈಬಿಟ್ಟವರಲ್ಲ. ಮನುಷ್ಯ ನರಕಕ್ಕೆ ಗುರಿಯಾಗಲು ಕಾರಣ ದೇವರ ಪೂರ್ವಸಂಕಲ್ಪವಲ್ಲ, ಎಲ್ಲರಿಗೂ ಚಾಚಿದ ಕೃಪೆಯನ್ನು ಮನುಷ್ಯನೇ ನಿರಾಕರಿಸುವುದು ಎಂದರು, ಅಷ್ಟೆ.