ಬಂಡೀಪುರ ಮತ್ತು ಮದ್ದೂರು ವಲಯ: ಕಾಡು ನೋಡುವುದರ ಚರಿತ್ರೆ

ಮದ್ದೂರು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಅರಣ್ಯ ವಲಯ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಕಾಡು ಹೊಗುವಲ್ಲಿರುವ ಚೆಕ್‌ಪೋಸ್ಟಿಗೂ ಇದೇ ಹೆಸರು. ವಡೆಗೆ ಹೆಸರಾದ ಮದ್ದೂರು ಇದಲ್ಲ, ಅದು ಮಂಡ್ಯ ಜಿಲ್ಲೆಯದು.

ಇಲ್ಲಿಯದು ಕುರುಚಲು ಮತ್ತು ಎಲೆಯುದುರುವ ಕಾಡು. ತೇಗ, ಮತ್ತಿ, ದಿಂಡಿಗ, ಹೊನ್ನೆ ಮುಖ್ಯ ಮರಗಳು. ಆನೆ, ಕಾಟಿ, ಕಡವೆ, ಚುಕ್ಕೆ ಜಿಂಕೆ, ಹುಲಿ, ಚಿರತೆ, ಕರಡಿ, ಸೀಳುನಾಯಿ ಮುಖ್ಯ ಪ್ರಾಣಿಗಳು. 2022ರ ಹುಲಿ ಗಣತಿಯ ಅಂದಾಜಿನಂತೆ ಬಂಡೀಪುರದಲ್ಲಿ 150 ಹುಲಿಗಳಿವೆ.

ಈ ಕಾಡಿಗೆ ಮೊದಲು ಹೊರಗಿನಿಂದ ಬರುತ್ತಿದ್ದವರು ಬಂದೂಕು ಹಿಡಿದೇ ಬರುತ್ತಿದ್ದರು. ಮೈಸೂರು ಅರಸರ ಬೇಟೆಯ ನೆಲವಾಗಿದ್ದ ಇಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರ್ ಜಾಗವನ್ನು ಅಭಯಾರಣ್ಯ ಮಾಡಿದರು. 1941ರಲ್ಲಿ ಅದು 800 ಚದರ ಕಿಲೋಮೀಟರಿಗೂ ಹೆಚ್ಚು ಹಿಗ್ಗಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎನಿಸಿತು. ಹೆಸರು ಬಂದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರಿಂದ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದಾಯಿತು. ರಾಜಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ ‘ಗಂಧದ ಗುಡಿ’ ತೆರೆಗೆ ಬಂದದ್ದೂ ಅದೇ ವರ್ಷ. ಕಾಡು ಉಳಿಸುವ ಮಾತನ್ನು ಕನ್ನಡ ನಾಡಿನ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಸರ್ಕಾರದ ಆದೇಶಕ್ಕಿಂತ ಆ ಸಿನಿಮಾದ ಪಾಲೇ ದೊಡ್ಡದಿರಬೇಕು. 1986ರಲ್ಲಿ ಈ ಪ್ರದೇಶ ನೀಲಗಿರಿ ಜೀವಗೋಳದ ಭಾಗವಾಯಿತು.

ಕಾಡಿನಲ್ಲೇ ಬದುಕಿದ್ದ ಜೇನುಕುರುಬರು, ಕಾಡುಕುರುಬರು, ಸೋಲಿಗರ ಹಾಡಿಗಳು ಈ ನಡುವೆ ಅಂಚಿಗೆ ಸರಿದವು. ಬೇಸಿಗೆಯಲ್ಲಿ ಬೆಂಕಿ ಕಾಯುವ ಕೆಲಸಕ್ಕೆ, ಹುಲಿಯ ಜಾಡು ಹಿಡಿಯುವುದಕ್ಕೆ ಇಲಾಖೆ ಇಂದಿಗೂ ನೆಚ್ಚಿರುವುದು ಅವರನ್ನೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸಿದವರಲ್ಲಿ ಹಾಡಿಯವರಿದ್ದರು, ಊರುಗಳಿಂದ ಓಡಿಬಂದ ಸ್ವಯಂಸೇವಕರೂ ಇದ್ದರು.

ಊರಿಗೂ ಕಾಡಿಗೂ ಇರುವ ನಂಟು ಸಗಣಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಅಂಚಿನ ಹಳ್ಳಿಗಳ ದನ ಹಗಲೆಲ್ಲ ಕಾಡಿನಲ್ಲಿ ಮೇದು ಸಂಜೆ ಕೊಟ್ಟಿಗೆಗೆ ಮರಳುತ್ತಿದ್ದವು. ಬೆಳಗ್ಗೆ ಗುಡಿಸಿದ ಸಗಣಿ ಮೊದಲು ರಾಗಿ, ಜೋಳದ ಹೊಲಕ್ಕೆ ಗೊಬ್ಬರವಾಗುತ್ತಿತ್ತು. 1990ರ ದಶಕದಲ್ಲಿ ಹೊರದೇಶಗಳಲ್ಲಿ ಕಾಫಿ ಬೆಲೆ ಏರಿತು, ವಯನಾಡಿನ ತೋಟಗಳಿಗೆ ಗೊಬ್ಬರ ಬೇಕಾಯಿತು. ಸಗಣಿ ಲಾರಿ ಹತ್ತಿತು. ಹಾಲಿಲ್ಲದ ದನಕ್ಕೂ ಬೆಲೆ ಬಂದದ್ದರಿಂದ ದನ ಹೆಚ್ಚಿದವು, ಜಿಂಕೆ, ಕಾಟಿ ಮೇಯಬೇಕಾದ ಹುಲ್ಲು ಗಡಿ ದಾಟಿ ಕಾಫಿ ಗಿಡದ ಬುಡ ಸೇರಿತು. ವಿದೇಶದ ಕಾಫಿ ಲೋಟಕ್ಕೂ ಗುಂಡ್ಲುಪೇಟೆಯ ಕೊಟ್ಟಿಗೆಗೂ ಇದ್ದ ಈ ಕೊಂಡಿಯನ್ನು ಸಂಶೋಧಕರು ದಾಖಲಿಸಿದ್ದಾರೆ.

ಸೀಳುನಾಯಿಯನ್ನು ಮೊದಲು ನೆಟ್ಟಗೆ ಅಧ್ಯಯನ ಮಾಡಿದ್ದೂ ಈ ಕಾಡಿನಲ್ಲೇ. 1970ರ ದಶಕದಲ್ಲಿ ಜೀವವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಇಲ್ಲಿ ಅವುಗಳ ಹಿಂದೆ ಅಲೆದರು. ಕೊಲ್ಲಬೇಕಾದ ಪೀಡೆ ಎಂದು ಬೇಟೆಗಾರರು ಬಗೆದಿದ್ದ ಪ್ರಾಣಿ ಅದು. ಬಳಿಕ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ವರ್ಷಗಟ್ಟಲೆ ಅವುಗಳ ಚಿತ್ರೀಕರಣ ಮಾಡಿದರು. ಈ ಇಬ್ಬರನ್ನೇ 1997ರಲ್ಲಿ ಕಾಡುಗಳ್ಳ ವೀರಪ್ಪನ್ ಅಪಹರಿಸಿ ಹದಿನಾಲ್ಕು ದಿನ ಇಟ್ಟುಕೊಂಡಿದ್ದ.

ಪ್ರವಾಸಿಗೆ ಬಂಡೀಪುರ ಸುಲಭವಾಗಿ ಕಾಣಿಸಿಕೊಳ್ಳುವುದಿಲ್ಲ. ಹೋಲಿಕೆಗೆ, ಪಶ್ಚಿಮ ಆಫ್ರಿಕಾದ ಘಾನಾದಲ್ಲಿ 1971ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೋಲೆ ಸವನ್ನಾ ಕಾಡು. ಅಲ್ಲಿ ಬಂದೂಕು ಹಿಡಿದ ರೇಂಜರ್ ಜೊತೆ ನಡೆದುಕೊಂಡೇ ಹೋಗಿ ಆನೆ ನೋಡಬಹುದು. ಇಲ್ಲಿ ಸಫಾರಿ ಜೀಪಿನಿಂದ ಕಾಲು ಕೆಳಗಿಡುವಂತಿಲ್ಲ. ಅಲ್ಲದೆ ದಾರಿಯ ಎರಡೂ ಕಡೆ ಹಬ್ಬಿರುವ ಲಂಟಾನ ಪೊದೆ ಹತ್ತು ಮಾರು ಆಚೆಗಿನ ಹುಲಿಯನ್ನೂ ಮುಚ್ಚಿಬಿಡುತ್ತದೆ. ಬಂದವರೆಲ್ಲ ಹುಲಿಯೊಂದನ್ನೇ ಕೇಳುತ್ತಾರೆ. ಏಪ್ರಿಲ್‌ನ ಮೊದಲ ಮಳೆಗೆ ಚಿಗುರಿದ ಹುಲ್ಲಿನಲ್ಲಿ ನಿಂತ ಕಾಟಿ ಹಿಂಡು ಅದಕ್ಕಿಂತ ಕಡಿಮೆಯ ನೋಟವಲ್ಲ.

ಮದ್ದೂರಿನ ಹೆಸರು ಪತ್ರಿಕೆಗಳಿಗೆ ಬಂದದ್ದು ರಾತ್ರಿ ಸಂಚಾರದ ವಿವಾದದಿಂದ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿ ಈ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ಹಿಂತೆಗೆದಾಗ ವಿಷಯ ಹೈಕೋರ್ಟಿಗೆ ಹೋಯಿತು. 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ವಯನಾಡಿನವರ ದೂರು ಇಂದಿಗೂ ನಿಂತಿಲ್ಲ. ಅವರಿಗೆ ಆ ಹೆದ್ದಾರಿ ಮೈಸೂರಿನ ಮಾರುಕಟ್ಟೆ, ಕಾಲೇಜು, ಆಸ್ಪತ್ರೆಗಳ ದಾರಿ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಆ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತುದಾರಿ ಇದೆ, ಆನೆಗೆ ಅಂಥ ಇನ್ನೊಂದು ದಾರಿಯಿಲ್ಲ.

ಮದ್ದೂರು ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೂ ಎರಡೂ ರಾಜ್ಯಗಳ ಕೆಲವೇ ಸಾರಿಗೆ ಬಸ್ಸುಗಳಿಗೂ ರಾತ್ರಿ ದಾರಿ ಬಿಡುತ್ತಾರೆ. ತಡವಾಗಿ ಬಂದ ತರಕಾರಿ ಲಾರಿಗಳು ಬೆಳಗಿನವರೆಗೆ ಹೊರಗೇ ನಿಲ್ಲುತ್ತವೆ.